ಲಾ ಪಾಲ್ಮಾ: ಮನೆ ಹಿಡಿದು, ನಾವೇ ಅಡುಗೆ ಮಾಡಿಕೊಂಡು, ನಡೆದು ನೋಡೋದು ಹೇಗೆ?

ನಡೆದಾಡಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ 10 ದಿನ ರಜೆ ಸಿಕ್ಕಿದೆ. ಸ್ಪೇನಿನ ಕೆನರಿ ದ್ವೀಪಗಳಲ್ಲಿ ಒಂದಾದ ಲಾ ಪಾಲ್ಮಾಗೆ ಹೋಗೋಣ ಅಂತ ಯೋಚನೆ. 2021ರಲ್ಲಿ ಜ್ವಾಲಾಮುಖಿ ಸಿಡಿಯಿತಲ್ಲ, ಅದೇ ದ್ವೀಪ. ಹೋಗುವವರು ನಾನು, ನನ್ನ ಹೆಂಡತಿ, ಅವಳ ಅಮ್ಮ. ಅತ್ತೆಗೆ 62. ವಯಸ್ಸಿನ ಬಗ್ಗೆ ಯಾರೂ ಬುದ್ಧಿ ಹೇಳಬೇಡಿ, ನಮ್ಮಿಬ್ಬರಿಗಿಂತ ಅವರೇ ಚೆನ್ನಾಗಿ ನಡೆಯುತ್ತಾರೆ, ಕುಮಾರಪರ್ವತದಲ್ಲಿ ಭಟ್ಟರ ಮನೆ ಹತ್ತಿರ ನಾನು ಕೂತಾಗ ಅವರು ಮುಂದೆ ಹೋಗಿ ನನಗಾಗಿ ಕಾದಿದ್ದರು. ನಾನು ಮೀನು ಮೊಟ್ಟೆ ತಿನ್ನುತ್ತೇನೆ, ಅವರಿಬ್ಬರೂ ಸಸ್ಯಾಹಾರಿಗಳು.

ಹೋಟೆಲ್ ಬೇಡ, ಅಡುಗೆಮನೆ ಇರುವ ಮನೆ ಬೇಕು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಡೋದು, ಸಂಜೆ ಬಂದು ಅಡುಗೆ ಮಾಡೋದು. ಯಾವ ಊರಲ್ಲಿ ಮನೆ ಹಿಡಿಯಲಿ? ಕಾರು ಬೇಕೇ ಬೇಕಾ? ಇಲ್ಲಿಂದ ಏನೇನು ಹೊತ್ತುಕೊಂಡು ಹೋಗಬೇಕು? ಅತ್ತೆ ಆಗಲೇ ಪಟ್ಟಿ ಮಾಡಿದ್ದಾರೆ. ಅದರಲ್ಲಿ ಕುಕ್ಕರ್ ಇದೆ, ಅರ್ಧ ಕೆಜಿ ತುಪ್ಪ ಇದೆ, ಕರಿಬೇವು ಇದೆ, ಲಟ್ಟಣಿಗೆಯೂ ಇದೆ.

ಮಲ್ಪೆಮೀನು

ಜ್ವಾಲಾಮುಖಿ ದ್ವೀಪಕ್ಕೆ ಅಷ್ಟು ದೂರ ಯಾಕೆ ಮಾರಾಯ್ರೆ? ನಮ್ಮ ಸೇಂಟ್ ಮೇರೀಸ್ ದ್ವೀಪದ ಕಂಬಕಲ್ಲುಗಳೂ ಲಾವಾದಿಂದಲೇ ಆದದ್ದು. ಮಲ್ಪೆಯಿಂದ ದೋಣಿ ಉಂಟು. ಸಂಜೆಯೊಳಗೆ ಮನೆಗೆ ಬಂದು ಬಂಗುಡೆ ಸಾರು ಉಣ್ಣಬಹುದು.

ನಡೆದಾಡಿ

ಮಲ್ಪೆಯವರೇ, ಅಲ್ಲಿ ಅರ್ಧ ಗಂಟೆ ನಡೆದರೆ ದ್ವೀಪವೇ ಮುಗಿಯುತ್ತದೆ. 😄

ಕೆಸುವಿನೆಲೆ (ಶಿರಸಿ, ಈಗ ಮ್ಯಾಡ್ರಿಡ್)

ನಾನು 2 ಸಲ ಹೋಗಿದ್ದೇನೆ, ಎರಡೂ ಸಲ ಮನೆ ಹಿಡಿದೇ ಇದ್ದದ್ದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ಊರಿನ ವಿಚಾರ. ದ್ವೀಪ ಸಣ್ಣದು, ಸುಮಾರು 700 ಚದರ ಕಿಲೋಮೀಟರ್. ನಕ್ಷೆಯಲ್ಲಿ ನೋಡಿದರೆ ಎಲ್ಲಿದ್ದರೂ ಎಲ್ಲ ಕಡೆ ಹೋಗಬಹುದು ಅನ್ನಿಸುತ್ತದೆ. ಹಾಗಿಲ್ಲ. ಸಮುದ್ರಮಟ್ಟದಿಂದ ಎದ್ದು 2,426 ಮೀಟರ್ ಎತ್ತರಕ್ಕೆ ಹೋಗುವ ಗುಡ್ಡ ಅದು, ರಸ್ತೆಗಳೆಲ್ಲ ನಮ್ಮ ಘಾಟಿ ಥರ ಸುತ್ತಿಕೊಂಡೇ ಹೋಗುತ್ತವೆ. ಪೂರ್ವದ ಕಡೆಯಿಂದ ಬೀಸುವ ಗಾಳಿ ಮೋಡವನ್ನು ತಂದು ಬೆಟ್ಟಕ್ಕೆ ಒತ್ತುತ್ತದೆ. ಅದಕ್ಕೇ ಪೂರ್ವದ ಸಾಂತಾ ಕ್ರೂಸ್ ಕಡೆ ಹಸಿರು, ತೇವ. ಪಶ್ಚಿಮದ ಲೋಸ್ ಯಾನೋಸ್ ಕಡೆ ಬಿಸಿಲು. ನಡುವೆ ಬೆಟ್ಟದೊಳಗೆ ಸುರಂಗ. ಸುರಂಗದ ಈ ಬಾಯಲ್ಲಿ ವೈಪರ್ ಹಾಕಿಕೊಂಡು ಒಳಗೆ ಹೋದರೆ ಆ ಬಾಯಲ್ಲಿ ಬಿಸಿಲಿಗೆ ಕಣ್ಣು ಮುಚ್ಚಬೇಕು.

ಹಾಗಾಗಿ 10 ದಿನಕ್ಕೆ ಒಂದೇ ಮನೆ ಹಿಡಿಯಬೇಡಿ, ಎರಡು ಹಿಡಿಯಿರಿ. 4 ರಾತ್ರಿ ಪೂರ್ವದಲ್ಲಿ, ಉಳಿದದ್ದು ಪಶ್ಚಿಮದಲ್ಲಿ. ಎರಡೂ ಕಡೆ ಸಂತೆಗೆ ನಡೆದು ಹೋಗುವಷ್ಟು ಹತ್ತಿರ ಇರಲಿ. ಸಮುದ್ರ ಕಾಣುವ ಕಿಟಕಿ, ಈಜುಕೊಳ ಅಂತ ಫೋಟೋ ನೋಡಿ ಮರುಳಾಗಿ ಗುಡ್ಡದ ಮೇಲಿನ ಒಂಟಿ ಮನೆ ಹಿಡಿದರೆ ಒಂದು ಕಟ್ಟು ಕೊತ್ತಂಬರಿಗೂ ಕಾರು ತೆಗೆಯಬೇಕು. ಮೊದಲ ಸಲ ನಾನೇ ಹಾಗೆ ಮಾಡಿದ್ದೆ. ಭಾನುವಾರ ಬಂದಿಳಿದೆ, ಅಂಗಡಿ ಎಲ್ಲ ಮುಚ್ಚಿತ್ತು, ಮನೆಯಲ್ಲಿ ಇದ್ದದ್ದು ಯಾರೋ ಬಿಟ್ಟುಹೋದ ಉಪ್ಪು ಮತ್ತು ಅರ್ಧ ಬಾಟಲಿ ವಿನೆಗರ್. ರಾತ್ರಿ ವಿಮಾನದಲ್ಲಿ ಕೊಟ್ಟ ಬಿಸ್ಕತ್ತು ತಿಂದು ಮಲಗಿದೆ.

ಬಸ್ಸಿಗೆ ಅಲ್ಲಿ 'ಗ್ವಾಗ್ವಾ' ಅನ್ನುತ್ತಾರೆ. ಸಾಂತಾ ಕ್ರೂಸ್, ಲೋಸ್ ಯಾನೋಸ್ ನಡುವೆ ಚೆನ್ನಾಗಿ ಓಡಾಡುತ್ತದೆ. ಹಳ್ಳಿಗಳ ಕಡೆ ಸಂಜೆ ಬೇಗ ನಿಂತುಹೋಗುತ್ತದೆ. ಮೂರು ಜನ ಇದ್ದೀರಿ, 4 ದಿನ ಕಾರು ಇಟ್ಟುಕೊಳ್ಳಿ, ಉಳಿದ ದಿನ ಬಸ್ಸು ಸಾಕು.

ಅತ್ತೆಯವರ ಪಟ್ಟಿ ಬಗ್ಗೆ ಆಮೇಲೆ ಬರೆಯುತ್ತೇನೆ, ಅದಕ್ಕೆ ಬೇರೆಯೇ ಸಮಯ ಬೇಕು.

ಗಡಿಯಾರ

ತುಪ್ಪ ಬೇಡ. ಯುರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ. ತುಪ್ಪ, ಪೇಡ, ಮೈಸೂರುಪಾಕು ಎಲ್ಲ ಅದರಲ್ಲೇ ಬರುತ್ತವೆ. ಹಸಿ ಕರಿಬೇವು, ಹಸಿಮೆಣಸಿನಕಾಯಿಯೂ ಬೇಡ, ಗಿಡದ ಸಾಮಾನಿಗೆ ಪ್ರಮಾಣಪತ್ರ ಕೇಳುತ್ತಾರೆ. ಹುರಿದ ಪುಡಿಗಳನ್ನು ಅಂಗಡಿ ಪ್ಯಾಕೆಟ್ಟಿನಲ್ಲೇ ಇಟ್ಟುಕೊಳ್ಳಿ, ಬಿಳಿ ಪುಡಿ ಕವರಿನಲ್ಲಿ ಗಂಟು ಹಾಕಿ ಒಯ್ಯಬೇಡಿ. ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ.

ಷೆಂಗೆನ್ ವೀಸಾ ಸಾಕು. ನೇರ ವಿಮಾನ ಇಲ್ಲ, ಮ್ಯಾಡ್ರಿಡ್ ದಾರಿಯಲ್ಲಿ ಹೋಗಿ, ಅಲ್ಲಿಂದ ಮತ್ತೆ 3 ಗಂಟೆ. ಕೆನರಿಯಲ್ಲಿ ಗಡಿಯಾರ ಮ್ಯಾಡ್ರಿಡ್‌ಗಿಂತ 1 ಗಂಟೆ ಹಿಂದೆ.

ಬ್ಯಾಡಗಿ_ಖಾರ (ಹಾವೇರಿ)

ತುಪ್ಪಾನೂ ಇಲ್ಲ, ಹಸಿಮೆಣಸಿನಕಾಯೂ ಇಲ್ಲ ಅಂದ್ರ ಉಣ್ಣೋದೇನ್ರೀ? ಆ ಮಂದಿ ಖಾರ ತಿಂತಾರೋ ಇಲ್ಲೋ?

ಕೆಸುವಿನೆಲೆ

ತಿನ್ನುತ್ತಾರೆ ಅಣ್ಣ, ನಿಮ್ಮಷ್ಟಲ್ಲ. ಆದರೆ ಒಂದು ವಿಷಯ ಕೇಳಿ. ಲಾ ಪಾಲ್ಮಾದ್ದೇ ಒಂದು ಕೆಂಪು ಮೆಣಸಿನಕಾಯಿ ಇದೆ, ಒಣಗಿಸಿ ಸರ ಮಾಡಿ ಸಂತೆಯಲ್ಲಿ ತೂಗುಹಾಕಿರುತ್ತಾರೆ. ದಪ್ಪ, ಬಣ್ಣ ಜಾಸ್ತಿ, ಖಾರ ಕಡಿಮೆ. ನೋಡಿದ ಕೂಡಲೇ ನನಗೆ ನಿಮ್ಮೂರೇ ನೆನಪಾಯಿತು. ಅದನ್ನು ನೆನೆಸಿ, ಬೆಳ್ಳುಳ್ಳಿ, ಜೀರಿಗೆ, ಕಲ್ಲುಪ್ಪು ಸೇರಿಸಿ ಕುಟ್ಟಿ, ಎಣ್ಣೆ ವಿನೆಗರ್ ಹಾಕಿ ಕಲಸಿದರೆ 'ಮೋಹೋ'. ಹುಣಸೆ ಬದಲು ವಿನೆಗರ್ ಅಷ್ಟೆ, ಉಳಿದದ್ದೆಲ್ಲ ನಮ್ಮ ಕೆಂಪು ಚಟ್ನಿ. ಕೊತ್ತಂಬರಿ ಹಾಕಿದ ಹಸಿರು ಮೋಹೋ ಕೂಡ ಇದೆ.

ನನಗೆ ಕಲಿಸಿದ್ದು ಎರಡನೇ ಸಲ ಉಳಿದ ಮನೆಯ ಯಜಮಾನಿ. ಎಪ್ಪತ್ತು ದಾಟಿದ ಅಜ್ಜಿ. ನಾನು ಮಿಕ್ಸಿಗೆ ಹಾಕಲು ಹೋದೆ, ಅಜ್ಜಿ ಕೈ ಹಿಡಿದು ನಿಲ್ಲಿಸಿ ಒರಳು ತಂದಿಟ್ಟರು. ಮೊದಲು ಜೀರಿಗೆ ಮತ್ತು ಉಪ್ಪು ಮಾತ್ರ ಕುಟ್ಟಬೇಕು, ಅದು ಪುಡಿಯಾದ ಮೇಲೆ ಬೆಳ್ಳುಳ್ಳಿ, ಕೊನೆಗೆ ಮೆಣಸಿನಕಾಯಿ. ಭಾಷೆ ಸರಿಯಾಗಿ ಅರ್ಥವಾಗದಿದ್ದರೂ ಬೈಗುಳ ಚೆನ್ನಾಗಿ ಅರ್ಥವಾಯಿತು, ನಮ್ಮಜ್ಜಿಯೂ ಹಾಗೇ ಬೈಯುತ್ತಿದ್ದರು.

ಮೋಹೋ ಜೊತೆಗೆ ಸುಕ್ಕು ಆಲೂಗಡ್ಡೆ, 'ಪಾಪಾಸ್ ಅರ್ರುಗಾದಾಸ್'. ಸಣ್ಣ ಸಣ್ಣ ಆಲೂಗಡ್ಡೆ ತೊಳೆದು, ಸಿಪ್ಪೆ ತೆಗೆಯದೆ, ಮುಳುಗುವಷ್ಟೇ ನೀರು ಹಾಕಿ, ಹೆದರಿಕೆಯಾಗುವಷ್ಟು ಉಪ್ಪು ಸುರಿಯಬೇಕು. ನಾನು ಒಂದು ಹಿಡಿ ಹಾಕಿದೆ, ಅಜ್ಜಿ ಇನ್ನೂ ಎರಡು ಹಿಡಿ ಹಾಕಿದರು. ಬೆಂದ ಮೇಲೆ ನೀರು ಬಸಿದು, ಪಾತ್ರೆಯನ್ನು ಮತ್ತೆ ಒಲೆ ಮೇಲಿಟ್ಟು ಕುಲುಕುತ್ತಾ ಇರಬೇಕು. ಸಿಪ್ಪೆ ಸುಕ್ಕಾಗಿ ಮೇಲೆ ಬೆಳ್ಳಗೆ ಉಪ್ಪಿನ ಬೂದಿ ಕೂರುತ್ತದೆ. ಸಿಪ್ಪೆ ಸಮೇತ ತಿನ್ನೋದು. ಒಳಗೆ ಉಪ್ಪು ಹೆಚ್ಚಾಗಿರುವುದಿಲ್ಲ.

ಬ್ಯಾಡಗಿ_ಖಾರ

ಬಾಯಾಗ ನೀರು ಬಂತು ನೋಡ್ರಿ ಅಕ್ಕಾರ. ನಾಳೆ ಮನ್ಯಾಗ ಮಾಡಿ ನೋಡ್ತೀನಿ.

ಕೆಸುವಿನೆಲೆ

ಈಗ ಅತ್ತೆಯವರ ಪಟ್ಟಿ. ಸಾರಿನ ಪುಡಿ, ಇಂಗು, ಸಾಸಿವೆ, ಅರಿಶಿನ ಇಷ್ಟು ತನ್ನಿ. ಅಕ್ಕಿ, ಕಡಲೆಕಾಳು, ಅಲ್ಲಿನವರು ಬೆಳೆಯುವ ತರಕಾರಿ ಎಲ್ಲ ಅಲ್ಲೇ ಸಿಗುತ್ತದೆ. ತೊಗರಿಬೇಳೆ ಮಾತ್ರ ಸಿಗುವುದು ಕಷ್ಟ. ಲಟ್ಟಣಿಗೆ ಖಂಡಿತ ಬೇಡ, ಕುಕ್ಕರ್ ಕೂಡ ಬೇಡ. ತರಲೇಬೇಕು ಅಂದರೆ ಮೊದಲು ಮನೆಯವರ ಹತ್ತಿರ ಒಲೆಯ ಫೋಟೋ ಕೇಳಿ. ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ.

ಸಂತೆಯಲ್ಲಿ ಸೀಮೆಬದನೆಕಾಯಿ ಸಿಗುತ್ತದೆ, ಅವರು 'ಚಯೋತಾ' ಅನ್ನುತ್ತಾರೆ. ಪರಂಗಿ, ಬೆಣ್ಣೆಹಣ್ಣು, ಬಾಳೆ ಬೇಕಾದಷ್ಟು. ನನಗೆ ಜಾಸ್ತಿ ಖುಷಿ ಆದದ್ದು ಕೆಸುವಿನ ಗೆಡ್ಡೆ ನೋಡಿ. ನನ್ನ ಹೆಸರು ನೋಡಿದರೇ ಗೊತ್ತಾಗುತ್ತದಲ್ಲ. ಅವರು 'ನ್ಯಾಮೆ' ಅನ್ನುತ್ತಾರೆ, ಈಶಾನ್ಯದ ಲೋಸ್ ಸೌಸೆಸ್ ಊರಿನ ಕಡೆ ನೀರು ಹರಿಯುವ ಪಾಗಾರದ ಗದ್ದೆಗಳಲ್ಲಿ ಬೆಳೆಯುತ್ತಾರೆ. ಬೇಯಿಸಿ, ಕಬ್ಬಿನ ಜೋನಿಬೆಲ್ಲ ಹಾಕಿಕೊಂಡು ತಿನ್ನುತ್ತಾರೆ. ನಾನು ಗದ್ದೆಯ ಅಂಚಲ್ಲಿ ನಿಂತು ಎಲೆ ನೋಡುತ್ತಾ ಪತ್ರೊಡೆ ಯೋಚನೆ ಮಾಡಿದ್ದು ಎಷ್ಟು ಹೊತ್ತೋ ಗೊತ್ತಿಲ್ಲ, ಹುಣಸೆಹಣ್ಣು ಇರಲಿಲ್ಲ, ಸುಮ್ನೆ ಬಂದೆ.

ಇನ್ನು ಗೋಫಿಯೊ. ಗೋಧಿ ಅಥವಾ ಮೆಕ್ಕೆಜೋಳವನ್ನು ಹುರಿದು ಬೀಸಿದ ಹಿಟ್ಟು. ಅಂದರೆ ನಮ್ಮ ಹುರಿಹಿಟ್ಟು! ಸ್ಪ್ಯಾನಿಷರು ಬರುವ ಮುಂಚೆ ಅಲ್ಲಿದ್ದ ಜನ ಬಾರ್ಲಿ ಹುರಿದು ಮಾಡುತ್ತಿದ್ದರಂತೆ, ಇವತ್ತಿಗೂ ಎಲ್ಲರ ಮನೆಯಲ್ಲಿ ಇರುತ್ತದೆ. ಬೆಳಿಗ್ಗೆ ಹಾಲಿಗೆ ಕಲಸಿ ಕುಡಿಯುತ್ತಾರೆ. ಬಾಳೆಹಣ್ಣು, ಜೇನು ಹಾಕಿ ಕಲಸಿ ಉಂಡೆ ಕಟ್ಟುತ್ತಾರೆ. ಬೆಟ್ಟಕ್ಕೆ ಹೋಗುವಾಗ ಅದಕ್ಕಿಂತ ಒಳ್ಳೆ ಬುತ್ತಿ ಇಲ್ಲ, ಹಾಳಾಗಲ್ಲ, ಒಂದೆರಡು ಉಂಡೆಗೆ ಹೊಟ್ಟೆ ತುಂಬುತ್ತದೆ.

ನಡೆದಾಡಿ

ಅಕ್ಕ, ಇದನ್ನು ಅತ್ತೆಗೆ ಓದಿ ಹೇಳಿದೆ. ಹುರಿಹಿಟ್ಟು ಅಂದ ಮೇಲೆ ಲಟ್ಟಣಿಗೆ ಪಟ್ಟಿಯಿಂದ ಹೋಯಿತು. ಕುಕ್ಕರ್ ಬಗ್ಗೆ ಇನ್ನೂ ಮಾತುಕತೆ ನಡೀತಾ ಇದೆ. ಅದೇ ಹಿಟ್ಟಿನಲ್ಲಿ ಮುದ್ದೆ ಆಗುತ್ತದಾ ಅಂತ ಕೇಳುತ್ತಿದ್ದಾರೆ.

ಕೆಸುವಿನೆಲೆ

ಮುದ್ದೆ ಥರದ್ದು ಒಂದಿದೆ. ಕುದಿಯುವ ಸಾರಿಗೆ ಗೋಫಿಯೊ ಹಾಕಿ ತಿರುವುತ್ತಾರೆ. ಹಸಿ ಕೆಂಪು ಈರುಳ್ಳಿಯ ಪದರು ಬಿಡಿಸಿ ಅದನ್ನೇ ಚಮಚದ ಹಾಗೆ ಮಾಡಿ ಮೊಗೆದು ತಿನ್ನೋದು. ಹಿಟ್ಟು ಮೊದಲೇ ಹುರಿದಿರುತ್ತದೆ, ಹಾಗಾಗಿ ರಾಗಿಯ ಹಾಗೆ ಗಟ್ಟಿ ಉಂಡೆ ನಿಲ್ಲುವುದಿಲ್ಲ, ಹಲ್ಲಿಗೆ ಅಂಟುತ್ತದೆ. ಹೊರಗೆ ತಿನ್ನುವುದಾದರೆ ಒಂದು ಎಚ್ಚರ, ಆ ಸಾರು ಸಾಮಾನ್ಯವಾಗಿ ಮೀನಿನದೋ ಮಾಂಸದ್ದೋ ಆಗಿರುತ್ತದೆ. ಮನೆಯಲ್ಲಿ ತರಕಾರಿ ಸಾರಿಗೆ ಮಾಡಿಕೊಳ್ಳಿ.

ಗಡಿಯಾರ

ಸಸ್ಯಾಹಾರಿಗಳಿಗೆ ಇನ್ನೂ ಎರಡು ಮಾತು. ಹೋಟೆಲಿನಲ್ಲಿ 'ಮಾಂಸ ಬೇಡ' ಅಂದರೆ ಸಾಲದು, ಟ್ಯೂನಾ ಮೀನು ಹಾಕಿದ ಸಲಾಡ್ ತಂದಿಡುತ್ತಾರೆ. ಹ್ಯಾಮ್ ಬೇಡ, ಮೀನು ಬೇಡ ಅಂತ ಬಿಡಿಸಿ ಹೇಳಿ. ಇನ್ನೊಂದು ಚೀಸ್. ಅಲ್ಲಿನ ಆಡಿನ ಹಾಲಿನ ಚೀಸ್‌ಗೆ ಒಳ್ಳೆ ಹೆಸರಿದೆ, ಬಾದಾಮಿ ಸಿಪ್ಪೆ, ಪಾಪಸುಕಳ್ಳಿ, ಪೈನ್ ಇವುಗಳ ಹೊಗೆಯಲ್ಲಿ ಇಡುತ್ತಾರೆ. ಆದರೆ ಸಾಂಪ್ರದಾಯಿಕ ಚೀಸ್‌ನಲ್ಲಿ ಹಾಲು ಒಡೆಸುವುದು ಆಡಿನ ಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ. ತಿನ್ನೋದು ಬಿಡೋದು ನಿಮಗೆ ಬಿಟ್ಟಿದ್ದು, ತಿಂದ ಮೇಲೆ ಗೊತ್ತಾಗಿ ಬೇಜಾರು ಮಾಡಿಕೊಳ್ಳಬೇಡಿ.

ಮಲ್ಪೆಮೀನು

ಗಡಿಯಾರದವರು ಬಂದರೆ ತಟ್ಟೆಯಿಂದ ಏನಾದರೂ ಒಂದು ಹೋಗುತ್ತದೆ.

ಮೊಣಕಾಲು_ನೋವು

ಊಟದ ಗಲಾಟೆಯಲ್ಲಿ ನಡಿಗೆ ಮರೆತುಹೋಯಿತು. ನಾನು ಹೇಳುತ್ತೇನೆ, ನನ್ನ ಮೊಣಕಾಲೇ ಸಾಕ್ಷಿ.

ಎಲ್ಲರೂ ಹೇಳುವುದು 'ಜ್ವಾಲಾಮುಖಿಗಳ ದಾರಿ'. ಎಲ್ ಪಿಲಾರ್ ಅನ್ನುವ ಕಾಡಿನ ತಂಗುದಾಣದಿಂದ ದಕ್ಷಿಣಕ್ಕೆ, ದ್ವೀಪದ ಬೆನ್ನೆಲುಬಿನ ಮೇಲೇ ಸುಮಾರು 17-18 ಕಿಲೋಮೀಟರ್ ನಡೆದು ಲೋಸ್ ಕನಾರಿಯೋಸ್ ಊರಿಗೆ ಇಳಿಯೋದು. ಹತ್ತಿದರೆ 1,900 ಮೀಟರ್ ಎತ್ತರ ದಾಟುತ್ತೀರಿ. 1949ರಲ್ಲಿ ಸಿಡಿದ ಬಾಯಿಗಳ ಅಂಚಿನಲ್ಲೇ ದಾರಿ. ಹತ್ತೋದು ಕಷ್ಟ ಅಲ್ಲ. ಇಳಿಯೋದು ಕಷ್ಟ. ಕೊನೆಯ ಎರಡು ಮೂರು ಗಂಟೆ ಕಪ್ಪು ಜಲ್ಲಿ, ಕಾಲಿಟ್ಟರೆ ಅರ್ಧ ಅಡಿ ಜಾರುತ್ತದೆ. ರಾಗಿ ರಾಶಿಯ ಮೇಲೆ ನಡೆದ ಹಾಗೆ. ಬೂಟಿನೊಳಗೆ ಎಲ್ಲ ಕಲ್ಲು. ನಾನು ಕೋಲು ಒಯ್ಯದೆ ಹೋದೆ, 'ನಮಗ್ಯಾಕೆ ಕೋಲು' ಅನ್ನುವ ಜಂಬ. ಊರು ಸೇರುವಾಗ ಎಡಗಾಲು ಮಡಚಲು ಆಗುತ್ತಿರಲಿಲ್ಲ, ಅಷ್ಟರಲ್ಲಿ ಬಸ್ಸೂ ಹೋಗಿತ್ತು. ಟ್ಯಾಕ್ಸಿಗೆ ಕೊಟ್ಟ ದುಡ್ಡು ಹೇಳಲ್ಲ, ನನ್ನ ಹೆಂಡತಿ ಇಲ್ಲಿ ಓದುತ್ತಾಳೆ.

ಅತ್ತೆಯವರ ಜೊತೆ ಹೋಗುವುದಾದರೆ ಇದರ ಬಾಲವನ್ನು ಮಾತ್ರ ನಡೆಯಿರಿ. ಲೋಸ್ ಕನಾರಿಯೋಸ್‌ನಿಂದ ದಕ್ಷಿಣ ತುದಿಯ ದೀಪಸ್ತಂಭಕ್ಕೆ, ಅರ್ಧ ದಿನ ಸಾಕು. ಸಾನ್ ಅಂತೋನಿಯೊ ಜ್ವಾಲಾಮುಖಿ, ಆಮೇಲೆ 1971ರಲ್ಲಿ ಸಿಡಿದ ತೆನೆಗೀಯಾ, ಬೂದಿಯ ಮೇಲೆ ನೆಲಕ್ಕೆ ಅಂಟಿಕೊಂಡು ಹರಡಿದ ದ್ರಾಕ್ಷಿ ಬಳ್ಳಿ. ಕಪ್ಪು ಜಲ್ಲಿ ರಾತ್ರಿಯ ತೇವ ಹಿಡಿದಿಟ್ಟುಕೊಳ್ಳುತ್ತದೆ, ಅದರಲ್ಲೇ ಬಳ್ಳಿ ಬದುಕುತ್ತದೆ. ಕೆಳಗೆ ದೀಪಸ್ತಂಭದ ಪಕ್ಕ ಉಪ್ಪಿನ ಗದ್ದೆ. ಕಪ್ಪು ಲಾವಾ, ಗುಲಾಬಿ ನೀರು, ಬಿಳಿ ಉಪ್ಪು.

ಕೆಸುವಿನೆಲೆ

ಆ ಉಪ್ಪು ತಂದು ಆಲೂಗಡ್ಡೆಗೆ ಹಾಕಿ. ಅಡುಗೆಗೂ ನಡಿಗೆಗೂ ಒಂದೇ ದಾರಿ ಅಂದರೆ ಇದೇ.

ಇನ್ನೆರಡು ದಾರಿ ಸೇರಿಸುತ್ತೇನೆ. ಕಾಲ್ದೆರಾ ದೆ ತಬುರಿಯೆಂತೆ, 1954ರಿಂದ ರಾಷ್ಟ್ರೀಯ ಉದ್ಯಾನ. ದೊಡ್ಡ ಬಾಣಲೆಯ ಹಾಗೆ ಕಾಣುತ್ತದೆ, ಎಲ್ಲರೂ ಜ್ವಾಲಾಮುಖಿಯ ಬಾಯಿ ಅಂದುಕೊಳ್ಳುತ್ತಾರೆ. ನಿಜವಾಗಿ ಗುಡ್ಡ ಜರಿದು, ನೀರು ಕೊರೆದು ಆದ ಹಳ್ಳ. ಹಳ್ಳದ ಬುಡದಲ್ಲಿ ಕಾರು ನಿಲ್ಲಿಸಿ, ಹಂಚಿಕೊಳ್ಳುವ ಟ್ಯಾಕ್ಸಿಯಲ್ಲಿ ಲೋಸ್ ಬ್ರೆಸಿತೋಸ್‌ಗೆ ಹೋಗಿ, ಅಲ್ಲಿಂದ ಇಳಿದು ಬರೋದು. ಕಾರು ನಿಲ್ಲಿಸಲು ಮೊದಲೇ ಕಾಯ್ದಿರಿಸಿ. ಮಳೆ ಬಂದರೆ ಹೋಗಲೇಬೇಡಿ, ಕೊನೆಯ ಭಾಗ ಹೊಳೆಯ ಪಾತ್ರದಲ್ಲೇ ನಡೆಯಬೇಕು.

ಎರಡನೆಯದು ಮಾರ್ಕೋಸ್, ಕೊರ್ದೇರೊ ಎಂಬ ಒರತೆಗಳ ದಾರಿ. ನೀರಿನ ಕಾಲುವೆಯ ಜೊತೆಗೇ 13 ಸುರಂಗ ದಾಟಬೇಕು. ಟಾರ್ಚ್ ಬೇಕು, ತಲೆ ಬಗ್ಗಿಸಬೇಕು, ಒಂದು ಸುರಂಗದಲ್ಲಂತೂ ಛಾವಣಿಯಿಂದ ನೀರು ಮಳೆ ಸುರಿದ ಹಾಗೆ ಸುರಿಯುತ್ತದೆ. ನಾನು ಮಳೆಕೋಟು ಹಾಕಿದ್ದೆ, ಬುತ್ತಿ ಚೀಲಕ್ಕೆ ಹಾಕಿರಲಿಲ್ಲ. ಚಿತ್ರಾನ್ನ ಗಂಜಿಯಾಯಿತು.

ಮಲ್ಪೆಮೀನು

ಈಗ ನಿಜವಾದ ಪ್ರಶ್ನೆ. 2021ರ ಲಾವಾ ನೋಡಲು ಹೋಗೋದು ಸರಿಯಾ? ಅದರ ಕೆಳಗೆ ಜನರ ಮನೆ ಉಂಟಲ್ಲ. ಕಡಲ್ಕೊರೆತಕ್ಕೆ ಮನೆ ಹೋದವರ ಅಂಗಳದಲ್ಲಿ ನಿಂತು ಸೆಲ್ಫಿ ತೆಗೆಯುವವರನ್ನು ನಮ್ಮೂರಲ್ಲಿ ನೋಡಿದ್ದೇನೆ, ಒಳ್ಳೇದನ್ನಿಸಲಿಲ್ಲ.

ಕೆಸುವಿನೆಲೆ

ಒಳ್ಳೆ ಪ್ರಶ್ನೆ. 2021ರ ಸೆಪ್ಟೆಂಬರ್ 19ಕ್ಕೆ ಶುರುವಾಗಿ ಡಿಸೆಂಬರ್ 13ರವರೆಗೆ, 85 ದಿನ ಉರಿಯಿತು. ಸುಮಾರು 7,000 ಜನ ಮನೆ ಬಿಟ್ಟರು. ತೊದೋಕೆ ಅನ್ನುವ ಊರು ಚರ್ಚಿನ ಸಮೇತ ಮುಚ್ಚಿಹೋಯಿತು. ಬಾಳೆತೋಟಗಳೂ ಹೋದವು. ಪುಯೆರ್ತೊ ನಾವೋಸ್ ಊರಿನ ಮನೆಗಳು ಸುಡಲಿಲ್ಲ, ಆದರೆ ನೆಲದಿಂದ ಇಂಗಾಲದ ಡೈಆಕ್ಸೈಡ್ ಬರುತ್ತಿತ್ತು, ಅಲ್ಲಿನವರು ವರ್ಷಗಟ್ಟಲೆ ವಾಪಸ್ ಹೋಗಲು ಆಗಲಿಲ್ಲ. ಹೊಸ ಶಿಖರಕ್ಕೆ ಈಗ ತಾಹೊಗಾಯ್ತೆ ಅಂತ ಹೆಸರು, ಹತ್ತಿರ ಹೋಗಬೇಕಾದರೆ ಅನುಮತಿ ಇರುವ ಗೈಡ್ ಜೊತೆಗೇ ಹೋಗಬೇಕು.

ಲಾವಾದ ಮೇಲೇ ಹೊಸ ರಸ್ತೆ ಮಾಡಿದ್ದಾರೆ. ಎರಡೂ ಕಡೆ ಕಪ್ಪು ಕಲ್ಲಿನ ಗೋಡೆ, ನಡುವೆ ಒಂದು ಮನೆಯ ಅರ್ಧ ಮಾಡು. ನಾನು ಬಸ್ಸಿನಿಂದಲೇ ನೋಡಿದೆ. ಪಕ್ಕದಲ್ಲಿ ಕೂತ ಹೆಂಗಸು ಒಂದು ಜಾಗಕ್ಕೆ ಬೆರಳು ತೋರಿಸಿ 'ನಮ್ಮ ಅಂಗಡಿ' ಅಂದರು. ಅಲ್ಲಿ ಏನೂ ಇರಲಿಲ್ಲ. ಗೈಡ್ ಜೊತೆ ಹೋಗೋದು ತಪ್ಪು ಅಂತ ನನಗೆ ಅನ್ನಿಸಲ್ಲ, ಊರವರಿಗೇ ಅದರಿಂದ ದುಡಿಮೆ. ಆದರೆ ಮನೆ, ತರಕಾರಿ, ಊಟ ಎಲ್ಲಕ್ಕೂ ಲಾವಾ ಹರಿದ ಆ ಕಣಿವೆಯಲ್ಲೇ ದುಡ್ಡು ಖರ್ಚು ಮಾಡಿ. ನೋಡಿ ಫೋಟೋ ತೆಗೆದು ಬೇರೆ ದ್ವೀಪದ ಹೋಟೆಲಿಗೆ ಓಡಬೇಡಿ.

ಚುಕ್ಕಿಎಣಿಸುವವ

ರಾತ್ರಿ ಒಂದು ದಿನ ಮೇಲೆ ಹೋಗಿ. ದ್ವೀಪದ ಅತಿ ಎತ್ತರದ ರೋಕೆ ದೆ ಲೋಸ್ ಮುಚಾಚೋಸ್ ತುದಿಯಲ್ಲಿ 10.4 ಮೀಟರ್ ಕನ್ನಡಿಯ ದೂರದರ್ಶಕ ಇದೆ. ಆಕಾಶ ಕತ್ತಲಾಗಿಯೇ ಇರಲಿ ಅಂತ 1988ರಲ್ಲೇ ಕಾನೂನು ಮಾಡಿದ್ದಾರೆ, ಊರಿನ ಬೀದಿದೀಪಗಳೂ ಮಂದ. ಚಳಿಗಾಲದಲ್ಲಿ ಅಲ್ಲಿ ಮಂಜುಗಡ್ಡೆ ಕಟ್ಟಬಹುದು, ಸ್ವೆಟರ್ ಸಾಲದು. ದೂರದರ್ಶಕಗಳ ಆವರಣಕ್ಕೆ ರಾತ್ರಿ ಕಾರು ಬಿಡುವುದಿಲ್ಲ, ರಸ್ತೆ ಬದಿಯ ನೋಟದ ಕಟ್ಟೆಗಳಲ್ಲಿ ನಿಲ್ಲಿಸಿ.

ಗಡಿಯಾರ

ಫೆಬ್ರವರಿ ಅಂದಿರಲ್ಲ, ಕಾರ್ನಿವಲ್ ಹಬ್ಬದ ದಿನ ನೋಡಿಕೊಂಡು ಮನೆ ಹಿಡಿಯಿರಿ. ಅದರ ಸೋಮವಾರ ಸಾಂತಾ ಕ್ರೂಸ್‌ನಲ್ಲಿ ಎಲ್ಲರೂ ಬಿಳಿ ಬಟ್ಟೆ ಹಾಕಿ ಪೌಡರ್ ಎರಚಾಡುತ್ತಾರೆ. ಒಂದೇ ಒಂದು ರೂಮು ಸಿಗಲ್ಲ.

ನಡೆದಾಡಿ (ಮಾರ್ಚ್ ತಿಂಗಳಲ್ಲಿ)

ಹೋಗಿ ಬಂದೆವು! ವರದಿ ಒಪ್ಪಿಸುತ್ತಿದ್ದೇನೆ.

ಎರಡು ಮನೆ ಮಾತು ಕೇಳಿದ್ದು ಒಳ್ಳೇದಾಯಿತು. ಪೂರ್ವದಲ್ಲಿ 4 ದಿನದಲ್ಲಿ 3 ದಿನ ಜಿಟಿಜಿಟಿ. ಬಟ್ಟೆ ಒಣಗಲಿಲ್ಲ. ಸುರಂಗ ದಾಟಿದ ದಿನ ಅತ್ತೆ ಮೊದಲು ಮಾಡಿದ ಕೆಲಸ ಅಂದರೆ ಎಲ್ಲರ ಸಾಕ್ಸ್ ತಂತಿ ಮೇಲೆ ಹಾಕಿದ್ದು.

ಒಂದು ಎಡವಟ್ಟು ಆಯಿತು. ಮೊದಲ ರಾತ್ರಿ ಸಾರಿಗೆ ಒಗ್ಗರಣೆ ಕೊಟ್ಟೆವು, ಇಂಗಿನ ಹೊಗೆಗೆ ಅಲಾರಂ ಕೂಗಿತು. ಕೆಳಗಿನ ಮನೆಯವರು ಓಡಿ ಬಂದರು. ಹೆಂಡತಿ ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದಾಳೆ, ನಾನು ಗೂಗಲ್‌ನಲ್ಲಿ 'ಒಗ್ಗರಣೆ'ಗೆ ಸ್ಪ್ಯಾನಿಷ್ ಹುಡುಕುತ್ತಿದ್ದೇನೆ, ಅತ್ತೆ ಮಾತ್ರ ಒಂದು ಲೋಟ ಸಾರು ಬಗ್ಗಿಸಿ ಅವರ ಕೈಗೆ ಕೊಟ್ಟರು. ಮಾರನೇ ದಿನ ಲೋಟ ತೊಳೆದು, ಅದರೊಳಗೆ 4 ಬೆಣ್ಣೆಹಣ್ಣು ತುರುಕಿ ವಾಪಸ್ ಕಳಿಸಿದ್ದರು. ಆಮೇಲಿಂದ ಕಿಟಕಿ ತೆಗೆದಿಟ್ಟೇ ಒಗ್ಗರಣೆ.

ಪುಂತಗೋರ್ದಾದ ವಾರಾಂತ್ಯದ ಸಂತೆಗೆ ಹೋದೆವು. ಬಾದಾಮಿ ಮರಗಳಲ್ಲಿ ಹೂವು ಅರ್ಧ ಉದುರಿತ್ತು, ಆದರೂ ಚೆಂದ. ಅತ್ತೆ ಮೆಣಸಿನಕಾಯಿ ಸರ, ಸೀಮೆಬದನೆಕಾಯಿ, ಎರಡು ಥರ ಗೋಫಿಯೊ ತೆಗೆದುಕೊಂಡರು, ಎಲ್ಲ ಕನ್ನಡದಲ್ಲೇ ಚೌಕಾಸಿ. ಒಂದು ಸೆಂಟ್ ಕಡಿಮೆ ಆಗಲಿಲ್ಲ. ಚೀಸ್ ಅವರಿಬ್ಬರೂ ಮುಟ್ಟಲಿಲ್ಲ, ಗಡಿಯಾರದವರೇ ನಿಮ್ಮಿಂದ ನನಗೆ ಲಾಭ, ಪೂರ್ತಿ ನಾನೇ ತಿಂದೆ.

ಕಾಲ್ದೆರಾ ಸಿಗಲಿಲ್ಲ, ಮಳೆ ಅಂತ ದಾರಿ ಮುಚ್ಚಿದ್ದರು. ಜ್ವಾಲಾಮುಖಿಗಳ ದಾರಿಯ ಬಾಲ ಮಾತ್ರ ನಡೆಯೋಣ ಅಂತ ಹೇಳಿದೆ. ಅತ್ತೆ ಪೂರ್ತಿ ನಡೆಯೋಣ ಅಂದರು. ನಡೆದೆವು. ಬೆಳಿಗ್ಗೆ 8ಕ್ಕೆ ಹೊರಟು ಸಂಜೆ 4ಕ್ಕೆ ಊರು. ಬುತ್ತಿ ಗೋಫಿಯೊ, ಬಾಳೆಹಣ್ಣು, ಬಾದಾಮಿ ಸೇರಿಸಿ ಕಟ್ಟಿದ ಉಂಡೆ. ಅತ್ತೆ ಅದಕ್ಕೆ ಏಲಕ್ಕಿ ಹಾಕಿದ್ದರು. ಮೇಲೆ ಗಾಳಿ ಎಷ್ಟಿತ್ತು ಅಂದರೆ ಮಾತು ಕೇಳಿಸುತ್ತಿರಲಿಲ್ಲ, ಒಂದು ಬಂಡೆಯ ಮರೆಯಲ್ಲಿ ಮೂವರೂ ಕೂತು ಸುಮ್ನೆ ಅಗಿಯುತ್ತಾ ಇದ್ದೆವು, ಎಡಗಡೆ ಮೋಡ ಬೆಟ್ಟದ ಅಂಚು ದಾಟಿ ಹಾಲು ಉಕ್ಕಿದ ಹಾಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಸುಟ್ಟು ಕರಿಯಾದ ಪೈನ್ ಮರ, ಅದೇ ಕರಿ ಕಾಂಡದಿಂದ ಹಸಿರು ಚಿಗುರು. ಆ ಜಾತಿಯ ಪೈನ್ ಸುಟ್ಟರೂ ಮತ್ತೆ ಚಿಗುರುತ್ತದಂತೆ.

ಮೊಣಕಾಲು ಸರ್, ಕೋಲು ಒಯ್ದಿದ್ದೆ. ಆದರೂ ನೋವು ನನಗೊಬ್ಬನಿಗೇ.

ಮೊಣಕಾಲು_ನೋವು

ಬನ್ನಿ ಬನ್ನಿ, ನಮ್ಮ ಸಂಘಕ್ಕೆ ಸ್ವಾಗತ.

ಬ್ಯಾಡಗಿ_ಖಾರ

ಮೋಹೋ ನಾನೂ ಮಾಡೀನ್ರಿ. ವಿನೆಗರ್ ಇರಲಿಲ್ಲ, ನಿಂಬೆಹಣ್ಣು ಹಿಂಡೀನಿ. ರೊಟ್ಟಿಗೆ ಭಾಳ ಚಲೋ ಆತು. ಮನ್ಯಾಗ ಹೇಳ್ತಾರ, ಇದು ರಂಜಕಾನ ಅಲ್ಲೇನ್ರಿ, ಹೆಸರು ಬ್ಯಾರೆ ಅಷ್ಟ.

ಕೆಸುವಿನೆಲೆ

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಕುಕ್ಕರ್ ಕಥೆ ಏನಾಯಿತು ಕೊನೆಗೆ?

ನಡೆದಾಡಿ

ಬಂದಿತ್ತು ಅಕ್ಕ. ಎರಡು ಮನೆಯಲ್ಲೂ ಇಂಡಕ್ಷನ್, ಒಂದು ಸೀಟಿಯೂ ಹಾಕಲಿಲ್ಲ. ಬರುವಾಗ ಅದರೊಳಗೆ ದೀಪಸ್ತಂಭದ ಹತ್ತಿರ ಕೊಂಡ ಉಪ್ಪು ತುಂಬಿಸಿ ತಂದರು, 2 ಕೆಜಿ. ಮ್ಯಾಡ್ರಿಡ್‌ನಲ್ಲಿ ಸ್ಕ್ಯಾನರ್ ಮುಂದೆ ಮುಚ್ಚಳ ತೆಗೆಸಿದರು.